ಪಾಠದ ಪಂಕ್ತಿಯಲ್ಲಿ ಭೇದ ಸಲ್ಲದು

ವಿದ್ಯಾಸಂಸ್ಥೆಯೊಂದು ತನ್ನ ಸ್ಮರಣ ಸಂಚಿಕೆಯನ್ನು ಹೊರತರುವಾಗ ತಾನು ನಡೆದು ಬಂದ ದಾರಿಯನ್ನು ಅವಲೋಕಿಸುವುದು ಸಹಜವೂ ಉಚಿತವೂ ಆಗಿದೆ. ಎಷ್ಟು ಕೋಣೆಗಳು ಎದ್ದವು, ಎಷ್ಟು ವಿದ್ಯಾರ್ಥಿಗಳು ತೇರ್ಗಡೆಯಾದರು, ಯಾರು ಯಾವ ಉನ್ನತ ಹುದ್ದೆಗೆ ಏರಿದರು, ಯಾವ ದಾನಿಗಳು ಯಾವ ಕಷ್ಟಕಾಲದಲ್ಲಿ ಕೈ ಹಿಡಿದರು ಎಂಬ ಲೆಕ್ಕ ಇಂಥ ಸಂಚಿಕೆಗೆ ಭೂಷಣವೇ ಸರಿ. ಆದರೆ ಯಾವ ಸಂಚಿಕೆಯಲ್ಲಿಯೂ ಅಚ್ಚಾಗದ ಇನ್ನೊಂದು ಲೆಕ್ಕವಿದೆ. ‘ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ’ ಎಂಬ ಒಂದೇ ಮಾತನ್ನು ಹೊತ್ತುಕೊಂಡು ಶಾಲೆಯ ಮೆಟ್ಟಿಲನ್ನು ಇಳಿದು ಹೋದ ಮಕ್ಕಳ ಲೆಕ್ಕವದು. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ, ಕುಂದಗೋಳದ ಸಂತೆಯಲ್ಲಿ, ಕಲಘಟಗಿಯ ಕಾಡಂಚಿನ ಊರುಗಳಲ್ಲಿ ಅಂಥವರು ಇಂದಿಗೂ ಕಾಣಸಿಗುತ್ತಾರೆ. ಸಾವಿರಾರು ರೂಪಾಯಿಗಳ ವ್ಯವಹಾರವನ್ನು ಬಾಯಿಲೆಕ್ಕದಲ್ಲಿಯೇ ತೀರಿಸುವ ಅವರು ತಮ್ಮನ್ನು ತಾವೇ ‘ನಾವು ದಡ್ಡರು’ ಎಂದು ಹೇಳಿಕೊಳ್ಳುವುದನ್ನು ಕೇಳಿದಾಗ, ಆ ಬಿರುದನ್ನು ಅವರಿಗೆ ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂಬ ಪ್ರಶ್ನೆ ಏಳದೆ ಇರದು.

ಈ ಮಾತನ್ನು ಆಡಿದವರು ನಿರ್ದಯರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅರವತ್ತು-ಎಪ್ಪತ್ತು ಮಕ್ಕಳ ವರ್ಗವನ್ನು ನಿಭಾಯಿಸುವ ಶಿಕ್ಷಕರ ಪಾಡು ಎಂಥದೆಂಬುದು ಬಲ್ಲವರಿಗೇ ಗೊತ್ತು. ಆದರೆ ಅವರೆಲ್ಲರೂ ತಮ್ಮ ಬಿ.ಎಡ್. ತರಬೇತಿಯಲ್ಲಿ ಶೈಕ್ಷಣಿಕ ಮನಃಶಾಸ್ತ್ರವನ್ನು ಓದಿದವರೇ ಆಗಿದ್ದಾರೆ. ಬುದ್ಧಿ, ಕಲಿಕೆ, ಸ್ಮರಣೆ, ಅಭಿಪ್ರೇರಣೆ ಎಂಬ ನಾಲ್ಕು ಮೂಲ ಪರಿಕಲ್ಪನೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದವರೇ ಆಗಿದ್ದಾರೆ. ಪರೀಕ್ಷೆ ಮುಗಿದೊಡನೆ ಆ ಪುಸ್ತಕ ಮಾಡದ ಗೂಡನ್ನು ಸೇರುತ್ತದೆ. ವರ್ಗದೊಳಗೆ ಹಳೆಯ ರೂಢಿಯೇ ಮುಂದುವರಿಯುತ್ತದೆ. ಆ ರೂಢಿಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಎಂಟನೆಯ ವರ್ಗಕ್ಕೆ ಪ್ರವೇಶ ಪಡೆದ ಮಕ್ಕಳನ್ನು ಒಟ್ಟು ಅಂಕಗಳ ಮೇಲೆ ವಿಂಗಡಿಸಿ, ಮುಂದಿನವರನ್ನು ‘ಅ’ ತುಕಡಿಗೂ ಹಿಂದಿನವರನ್ನು ‘ಬ’, ‘ಕ’ ತುಕಡಿಗಳಿಗೂ ಹಾಕಿ, ಮೂರು ವರ್ಷಗಳ ಕಾಲ ಹಾಗೆಯೇ ಇರಿಸುವ ಪದ್ಧತಿಯದು. ಮನಃಶಾಸ್ತ್ರದ ಮೊದಲ ವರ್ಷದ ಪಾಠಗಳು ಈ ಪದ್ಧತಿಯನ್ನು ಸಮರ್ಥಿಸುವುದಿಲ್ಲವೆಂದೂ, ಅದನ್ನು ನಾವು ಬಿಡಬೇಕೆಂದೂ ನನ್ನ ಸ್ಪಷ್ಟವಾದ ಅಭಿಪ್ರಾಯ.

ಮನಸ್ಸಿನ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಆದರೆ ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಶಾಸ್ತ್ರ ಈಚಿನದು. ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಅವರು 1879ರಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಿಂದ ಅದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ನಮ್ಮ ದೇಶದಲ್ಲಿ 1916ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯವೂ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಈ ಶಾಸ್ತ್ರದ ವಿಭಾಗಗಳನ್ನು ತೆರೆದವು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರು ನಾಡಿನಲ್ಲಿ ನೆಲೆಗೊಳ್ಳಲು ಕಾರಣರಾದರೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಇಂದು ಧಾರವಾಡದಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಬೋಧನೆ ನಡೆದಿದೆ. ಆದ್ದರಿಂದ ಇದು ನಮಗೆ ದೂರದ ಶಾಸ್ತ್ರವೇನೂ ಅಲ್ಲ.

ಮೊದಲು ಬುದ್ಧಿಯ ವಿಷಯ. ಸಾಧಾರಣ ಪಾಠದಿಂದ ಪ್ರಯೋಜನ ಪಡೆಯಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಶಿಕ್ಷಣ ಕೊಡುವುದು ಹೇಗೆಂಬುದನ್ನು ವಿಚಾರಿಸಲು ಫ್ರಾನ್ಸ್ ದೇಶದ ಸರಕಾರ 1904ರಲ್ಲಿ ಒಂದು ಮಂಡಳಿಯನ್ನು ನೇಮಿಸಿತು. ಆ ಕಾರ್ಯಕ್ಕಾಗಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಎಂಬವರು 1905ರಲ್ಲಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಕೇಳಿದ ಅಂಕಿಗಳನ್ನು ಮರುನುಡಿಯುವುದು, ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು, ಎರಡು ತೂಕಗಳನ್ನು ಹೋಲಿಸುವುದು, ಇಂಥ ಚಿಕ್ಕ ಚಿಕ್ಕ ಕೆಲಸಗಳು ಅದರಲ್ಲಿದ್ದವು. 1908ರಲ್ಲಿ ಅವರು ಈ ಪ್ರಶ್ನೆಗಳನ್ನು ವಯಸ್ಸಿಗೆ ಅನುಸಾರವಾಗಿ ಜೋಡಿಸಿದರು. ಎಂಟು ವರ್ಷದ ಬಹುಪಾಲು ಮಕ್ಕಳು ಉತ್ತರಿಸುವ ಮಟ್ಟವನ್ನು ಮುಟ್ಟಿದ ಮಗುವಿನ ‘ಮಾನಸಿಕ ವಯಸ್ಸು’ ಎಂಟು. ಮುಂದೆ 1912ರಲ್ಲಿ ವಿಲಿಯಂ ಸ್ಟೆರ್ನ್ ಅವರು ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದರು. 1916ರಲ್ಲಿ ಅಮೇರಿಕೆಯ ಲೂಯಿಸ್ ಟರ್ಮನ್ ಅವರು ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದರು. ಹತ್ತು ವರ್ಷದ ಮಗು ಎಂಟರ ಮಟ್ಟದಲ್ಲಿ ಉತ್ತರಿಸಿದರೆ ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ 80 ಅದರ ಬುದ್ಧಿಲಬ್ಧ. ಇಂದಿನ ಪರೀಕ್ಷೆಗಳಲ್ಲಿ ಮಗುವಿನ ಅಂಕವನ್ನು ಅದೇ ವಯಸ್ಸಿನವರ ಸರಾಸರಿಯೊಡನೆ ಹೋಲಿಸಿ ಲೆಕ್ಕ ಮಾಡುತ್ತಾರಾದರೂ ತತ್ತ್ವ ಬಹುಮಟ್ಟಿಗೆ ಅದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಳತೆ ಹುಟ್ಟಿದ್ದು ಸಹಾಯ ಮಾಡುವುದಕ್ಕಾಗಿ. ಬುದ್ಧಿಯೆಂಬುದು ಹುಟ್ಟಿನಿಂದ ಸಾವಿನವರೆಗೆ ಹೆಚ್ಚದ, ಕುಗ್ಗದ ಒಂದು ಪರಿಮಾಣವೆಂಬ ಅಭಿಪ್ರಾಯವನ್ನು ಬಿನೆಯವರೇ 1909ರಲ್ಲಿ ಬರೆದ ತಮ್ಮ ಗ್ರಂಥದಲ್ಲಿ ತೀವ್ರವಾಗಿ ವಿರೋಧಿಸಿದರು. ವ್ಯಾಯಾಮದಿಂದ ದೇಹ ಬಲಗೊಳ್ಳುವಂತೆ ಅಭ್ಯಾಸದಿಂದ ಅವಧಾನ, ಸ್ಮರಣೆ, ವಿವೇಚನೆಗಳು ಬಲಗೊಳ್ಳುತ್ತವೆಯೆಂಬುದು ಅವರ ನಂಬಿಕೆಯಾಗಿತ್ತು. 1911ರಲ್ಲಿ ಅವರು ತೀರಿಕೊಂಡರು. ಆ ಅಳತೆ ಅಮೇರಿಕೆಗೆ ಹೋದ ಮೇಲೆ ಅದರ ಗುರಿಯೇ ತಿರುಗಿತು. ಸಹಾಯ ಬೇಕಾದವರನ್ನು ಹುಡುಕುವ ಸಾಧನ ಬೇಡವಾದವರನ್ನು ಬೇರ್ಪಡಿಸುವ ಸಾಧನವಾಯಿತು. ವರ್ಜೀನಿಯಾ ರಾಜ್ಯದ ಕ್ಯಾರಿ ಬಕ್ ಎಂಬ ಯುವತಿಯನ್ನು ಮಂದಬುದ್ಧಿಯವಳೆಂದು ನಿರ್ಣಯಿಸಿ, ಆಕೆಗೆ ಮತ್ತೆ ಮಕ್ಕಳಾಗದಂತೆ ಬಲಾತ್ಕಾರದಿಂದ ಶಸ್ತ್ರಕ್ರಿಯೆ ಮಾಡಬಹುದೆಂದು 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಕೈಗೂಸಾಗಿದ್ದ ಆಕೆಯ ಮಗಳೂ ಸಹಜವಾಗಿಲ್ಲವೆಂದು ಆ ಮೊಕದ್ದಮೆಯಲ್ಲಿ ಸಾಕ್ಷ್ಯ ಹೇಳಲಾಗಿತ್ತು. ಆ ಮಗುವೇ ಮುಂದೆ ಶಾಲೆಗೆ ಹೋದಾಗ ಒಂದು ಅವಧಿಯಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆಯಿತು. ವಿದ್ಯಾವಂತರಾದ ಜನರೇ ಒಂದು ಅಂಕಿಯನ್ನು ಹಣೆಬರಹವೆಂದು ಓದಿದಾಗ ಆಗುವ ಅನಾಹುತಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಭಾಗಕ್ಕೆ ಈ ಅಳತೆ ಬಂದ ಬಗೆ ಬೇರೆ. ಅದನ್ನು ನಾವು ಹೆಮ್ಮೆಯಿಂದ ಸ್ಮರಿಸಬೇಕು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ವಿ. ವಿ. ಕಾಮತ ಎಂಬ ವಿದ್ವಾಂಸರು ಬಿನೆಯವರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸುವ ಕಾರ್ಯವನ್ನು ಕೈಗೊಂಡರು. ಅವರ ಸಂಶೋಧನೆ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಃಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು; ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಹೊರಬಂದಿತು. ‘ಬಿನೆ-ಕಾಮತ ಪರೀಕ್ಷೆ’ ಎಂಬ ಹೆಸರಿನಿಂದ ಅದು ದೇಶದ ಅನೇಕ ಮಾನಸಿಕ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿದಿತು. ಕಾಮತರು ಪ್ರಶ್ನೆಗಳನ್ನು ಬರಿದೆ ಭಾಷಾಂತರಿಸಿ ಕೈ ತೊಳೆದುಕೊಳ್ಳಲಿಲ್ಲ. ಪ್ಯಾರಿಸ್ಸಿನ ಮಗುವಿಗೆ ಸುಲಭವಾದ ಪ್ರಶ್ನೆ ಇಲ್ಲಿಯ ಮಗುವಿಗೆ ಕಠಿಣವಾಗಬಹುದು. ಅಲ್ಲಿ ಕಠಿಣವಾದದ್ದು ಇಲ್ಲಿ ಸುಲಭವಾಗಬಹುದು. ಯಾವ ಪ್ರಶ್ನೆ ಯಾವ ವಯಸ್ಸಿಗೆ ತಕ್ಕದ್ದೆಂಬುದನ್ನು ಈ ನೆಲದ ಮಕ್ಕಳನ್ನು ಕೇಳಿಯೇ ನಿರ್ಧರಿಸಬೇಕಾಗುತ್ತದೆ. ಅಳೆಯುವವನು ಅಳೆಯಲ್ಪಡುವ ಮಗುವಿನ ಭಾಷೆ, ಮನೆ, ಪರಿಸರಗಳನ್ನು ಮೊದಲು ಅರಿಯಬೇಕೆಂಬುದೇ ಆ ಕಾರ್ಯದಿಂದ ನಾವು ಕಲಿಯಬೇಕಾದ ಪಾಠ.

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಅನೇಕ ಶಾಲೆಗಳಲ್ಲಿ ಕನ್ನಡ ಮಕ್ಕಳು ಮರಾಠಿಯಲ್ಲಿ ಪಾಠ ಕಲಿಯಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ ಹೋರಾಡದೆ ಇದ್ದಿದ್ದರೆ ಎಷ್ಟು ಮಕ್ಕಳು ದಡ್ಡರೆನಿಸಿಕೊಂಡು ಮನೆಯಲ್ಲಿ ಉಳಿಯುತ್ತಿದ್ದರೋ ಊಹಿಸಬಹುದು. ಮಕ್ಕಳ ಬುದ್ಧಿ ಅದೇ ಇತ್ತು. ಅವರನ್ನು ಕೇಳುವ ಭಾಷೆ ಬದಲಾಯಿತು. ಇಂದು ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಮಾತನಾಡುವ ಮಗು ಗ್ರಂಥಸ್ಥ ಕನ್ನಡದ ಪ್ರಶ್ನೆಯ ಮುಂದೆ ತಡವರಿಸಿದಾಗಲೂ, ಕನ್ನಡದ ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಮೂಕವಾದಾಗಲೂ ನಾವು ಈ ಚರಿತ್ರೆಯನ್ನು ನೆನೆಯಬೇಕು. ಮೇಲಾಗಿ, 1932ರಿಂದ 1978ರ ವರೆಗಿನ ಅವಧಿಯಲ್ಲಿ ಅಮೇರಿಕನ್ನರ ಸರಾಸರಿ ಬುದ್ಧಿಲಬ್ಧ ಸುಮಾರು 14 ಅಂಶಗಳಷ್ಟು ಏರಿತೆಂಬುದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1984ರಲ್ಲಿ ತೋರಿಸಿಕೊಟ್ಟರು. ಇಷ್ಟು ಸ್ವಲ್ಪ ಕಾಲದಲ್ಲಿ ಒಂದು ಜನಾಂಗದ ರಕ್ತ ಬದಲಾಗದು. ಹಾಗಾದರೆ ಬದಲಾದದ್ದು ಶಾಲೆ, ಆಹಾರ, ಬದುಕುವ ರೀತಿ. ಒಂದೇ ಕಾಲದ ಇಬ್ಬರು ಮಕ್ಕಳ ನಡುವಿನ ಅಂತರಕ್ಕೆ ಆನುವಂಶಿಕತೆಯೂ ಒಂದು ಕಾರಣವೆಂಬುದನ್ನು ಶಾಸ್ತ್ರ ಅಲ್ಲಗಳೆಯುವುದಿಲ್ಲ. ಆದರೆ ಇಂದಿನ ಅಂಕಿ ನಾಳೆಯ ಮಿತಿಯೆಂದು ಹೇಳುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ.

ಎರಡನೆಯದು ಕಲಿಕೆ. ರಷ್ಯಾದ ಪಾವ್ಲೋವ್ ಅವರ ನಾಯಿಯ ಪ್ರಯೋಗವನ್ನು ತರಬೇತಿ ಪಡೆದ ಶಿಕ್ಷಕರೆಲ್ಲರೂ ಬಲ್ಲರು. ಆಹಾರದ ಜೊತೆಗೆ ಒಂದು ಸಪ್ಪಳವನ್ನು ಮತ್ತೆ ಮತ್ತೆ ಕೇಳಿಸಿದರೆ ಕೊನೆಗೆ ಸಪ್ಪಳ ಮಾತ್ರದಿಂದಲೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಇದಕ್ಕೆ ಅನುಬಂಧನವೆಂದು ಹೆಸರು. ಅಂಜಿಕೆಯೂ ಹೀಗೆಯೇ ಅಂಟಿಕೊಳ್ಳುತ್ತದೆ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಎಂಬವರು ಬಿಳಿ ಇಲಿಗೆ ಅಂಜದ ಒಂದು ಕೂಸಿಗೆ, ಇಲಿಯನ್ನು ತೋರಿಸಿದಾಗಲೆಲ್ಲ ಬೆಚ್ಚಿಬೀಳಿಸುವ ಶಬ್ದವನ್ನು ಕೇಳಿಸಿ, ಇಲಿಯನ್ನು ಕಂಡರೇ ಅಳುವಂತೆ ಮಾಡಿದರು. ಕೂಸನ್ನು ಹಾಗೆ ಅಂಜಿಸುವ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು. ಆದರೆ ಬೆತ್ತ, ಬೈಗುಳ, ನಾಲ್ಕು ಜನರ ಮುಂದಿನ ಅಪಹಾಸ್ಯ ಇವುಗಳ ಜೊತೆಗೆ ಗಣಿತವನ್ನು ಕಲಿಸಿದಾಗ ನಾವೂ ಅದನ್ನೇ ಮಾಡುತ್ತಿಲ್ಲವೆ? ಮಗು ಅಂಜುವುದು ಗಣಿತಕ್ಕಲ್ಲ. ಗಣಿತದೊಡನೆ ಬಂದ ಬೆತ್ತಕ್ಕೆ. ಸಂತೋಷದ ಸಂಗತಿಯೆಂದರೆ, ಕಲಿತ ಅಂಜಿಕೆಯನ್ನು ಮರೆಯಿಸಲೂ ಬರುತ್ತದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ವಿದುಷಿ, ಮೊಲಕ್ಕೆ ಅಂಜುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟವಾದ ತಿನಿಸನ್ನು ಕೊಡುತ್ತ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದು, ಕೊನೆಗೆ ಅವನು ಅದನ್ನು ಮುಟ್ಟಿ ಆಡುವಂತೆ ಮಾಡಿದ್ದನ್ನು ವರದಿ ಮಾಡಿದರು. ಅಪೂರ್ಣಾಂಕಗಳಿಗೆ ಅಂಜುವ ಮಗುವಿಗೂ ಇದೇ ಉಪಾಯ ಸಲ್ಲುತ್ತದೆ. ರೊಟ್ಟಿಯ ಅರ್ಧ, ಕಾಲುಗಳಿಂದ ಮೊದಲುಮಾಡಿ, ಗೆದ್ದ ಲೆಕ್ಕದ ಸಂತೋಷದೊಡನೆ ಮುಂದಿನ ಲೆಕ್ಕವನ್ನು ತಂದರೆ ಅಂಜಿಕೆ ತಾನಾಗಿಯೇ ಸರಿಯುತ್ತದೆ.

ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಪ್ರಕಟಿಸಿದ ಥಾರ್ನ್‌ಡೈಕ್ ಅವರು, ಸಂತೋಷ ಕೊಟ್ಟ ಕ್ರಿಯೆ ಗಟ್ಟಿಗೊಳ್ಳುತ್ತದೆ, ಕ್ಲೇಶ ಕೊಟ್ಟದ್ದು ಸಡಿಲಾಗುತ್ತದೆ ಎಂಬ ವಿಚಾರವನ್ನು ಮುಂದೆ ಪರಿಣಾಮ ನಿಯಮವೆಂದು ಸಾರಿದರು. 1930ರ ದಶಕದಲ್ಲಿ ಅವರೇ ಅದನ್ನು ತಿದ್ದಿ, ಬಹುಮಾನ ಗಟ್ಟಿಗೊಳಿಸುವಷ್ಟರ ಮಟ್ಟಿಗೆ ಶಿಕ್ಷೆ ಸಡಿಲಗೊಳಿಸುವುದಿಲ್ಲವೆಂದು ಹೇಳಿದರು. ಶಿಕ್ಷೆ ಮಗುವಿಗೆ ತಪ್ಪನ್ನು ಮುಚ್ಚಿಡಲು ಕಲಿಸುತ್ತದೆಯೇ ಹೊರತು ಸರಿಯಾದುದನ್ನು ಕಲಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ದಡ್ಡ’ ಎಂದು ವರ್ಗದ ಮುಂದೆ ಕರೆಯುವುದು ಮಾನಸಿಕ ಕಿರುಕುಳವಲ್ಲದೆ ಮತ್ತೇನು?

ಮೂರನೆಯದು ಸ್ಮರಣೆ. ಹೆರ್ಮಾನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಶಬ್ದಾಂಶಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನ ಮೇಲೆ ಎಷ್ಟು ಉಳಿಯುತ್ತದೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮರೆತುಹೋಗಿತ್ತು. ಒಂದು ದಿನದ ಮೇಲೆ ಉಳಿದದ್ದು ಮೂರರಲ್ಲಿ ಒಂದು ಭಾಗ ಮಾತ್ರ. ಅವರು ವಿದ್ವಾಂಸರು, ದಡ್ಡರಲ್ಲ. ಅರ್ಥವುಳ್ಳ ಪಾಠ ಇದಕ್ಕಿಂತ ಹೆಚ್ಚು ನಿಲ್ಲುತ್ತದೆಂಬುದು ನಿಜವಾದರೂ, ಮರೆವು ಮನಸ್ಸಿನ ಧರ್ಮವೇ ಹೊರತು ಮಗುವಿನ ಅಪರಾಧವಲ್ಲ. ಬಿಡುವು ಕೊಟ್ಟು ಮತ್ತೆ ಮತ್ತೆ ತಿರುವಿಹಾಕಿದರೆ ನೆನಪು ಗಟ್ಟಿಯಾಗುತ್ತದೆಂಬುದನ್ನೂ ಅವರೇ ತೋರಿಸಿದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೇರಿಕೆಯ ಸಂಶೋಧಕರು ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರಲ್ಲಿ ವಾರದ ಬಳಿಕ ಹೆಚ್ಚು ಉಳಿದಿತ್ತು. ಹಳೆಯ ಶಾಲೆಗಳಲ್ಲಿ ಸಂಜೆ ಸಾಲಾಗಿ ನಿಲ್ಲಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಪದ್ಧತಿಯಲ್ಲಿ ಈ ಮರ್ಮವಿತ್ತು. ಅದರ ಪಕ್ಕದಲ್ಲಿದ್ದ ಬೆತ್ತಕ್ಕೆ ಮಾತ್ರ ಅದರ ಯಶಸ್ಸಿನಲ್ಲಿ ಪಾಲಿರಲಿಲ್ಲ.

ಸಂಗೀತಪ್ರಿಯರಾದ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ 1936ರ ಸುಮಾರಿಗೆ ಶಿಷ್ಯವೃತ್ತಿ ಕೈಗೊಂಡ ಭೀಮಸೇನ ಜೋಶಿಯವರು ಕೆಲವು ವರ್ಷಗಳನ್ನು ಗುರುಗೃಹದಲ್ಲಿ ಕಳೆದು, ಅಭ್ಯಾಸದ ಮೇಲೆ ಅಭ್ಯಾಸ ಮಾಡಿದವರು. ಅಲ್ಲಿ ತಡವಾದುದನ್ನು ಯಾರೂ ದಡ್ಡತನವೆನ್ನಲಿಲ್ಲ; ಸಾಧನೆಯೆಂದರು. ಇತ್ತ ನಮ್ಮ ವರ್ಗದೊಳಗೆ ನೋಡಿದರೆ, ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿಯೊಡನೆ ಹೊಲಕ್ಕೆ ಹೋದ ಹುಡುಗಿ ಮೂರು ವಾರಗಳ ಮೇಲೆ ಶಾಲೆಗೆ ಬರುತ್ತಾಳೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಹಿಂದೆ ಕಲಿತದ್ದು ಮರೆವಿನ ನಿಯಮಕ್ಕೆ ಅನುಸಾರವಾಗಿ ಮಾಸಿರುತ್ತದೆ. ಕಿರುಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ಅವಳ ಬುದ್ಧಿಯ ಅಳತೆಯಲ್ಲ. ಅವಳ ಹಾಜರಿಯ ಅಳತೆ, ಅವಳ ಮನೆಯ ಬಡತನದ ಅಳತೆ. ಅದನ್ನೇ ಬುದ್ಧಿಯೆಂದು ತಿಳಿದು ‘ಕ’ ತುಕಡಿಗೆ ಹಾಕಿದರೆ ಬಡತನಕ್ಕೆ ನಾವೇ ದಡ್ಡತನದ ಮುದ್ರೆ ಒತ್ತಿದಂತಾಗುತ್ತದೆ.

ನಾಲ್ಕನೆಯದು ಅಭಿಪ್ರೇರಣೆ. ಕಲಿಯುವ ಹುಮ್ಮಸ್ಸು ಮಗುವಿನೊಳಗಿಂದ ಬರುತ್ತದೆಯಾದರೂ ಅದಕ್ಕೆ ನೀರೆರೆಯುವುದು ಇತರರ ನಿರೀಕ್ಷೆ. 1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್ಸನ್ ಎಂಬವರು ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯ ಪ್ರಯೋಗವನ್ನು ಪ್ರಕಟಿಸಿದರು. ಐದರಲ್ಲಿ ಒಂದು ಪಾಲಿನಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಯಾವ ಆಧಾರವೂ ಇಲ್ಲದೆ ಆರಿಸಿ, ‘ಇವರು ಈ ವರ್ಷ ಬಹಳ ಮುಂದುವರಿಯುವರು’ ಎಂದು ಶಿಕ್ಷಕರಿಗೆ ತಿಳಿಸಲಾಯಿತು. ವರ್ಷದ ಕೊನೆಗೆ ಕೆಳಗಿನ ವರ್ಗಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಮುಂದುವರಿದಿದ್ದರು. ಈ ಪ್ರಯೋಗದ ಮೇಲೆ ಆಕ್ಷೇಪಣೆಗಳು ಬಂದವು. ಪರಿಣಾಮ ಮೊದಲು ಹೇಳಿದಷ್ಟು ದೊಡ್ಡದಲ್ಲವೆಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಆದರೆ ನಿರೀಕ್ಷೆ ಸ್ವಲ್ಪಮಟ್ಟಿಗಾದರೂ ಕೆಲಸ ಮಾಡುತ್ತದೆಂಬುದನ್ನು ಅವು ಅಲ್ಲಗಳೆಯಲಿಲ್ಲ. ಒಬ್ಬ ಶಿಕ್ಷಕರ ಒಂದು ವರ್ಷದ ನಿರೀಕ್ಷೆಗೆ ಅಲ್ಪ ಬಲವಿದೆಯೆಂದು ಇಟ್ಟುಕೊಂಡರೂ, ಎಲ್ಲ ಶಿಕ್ಷಕರೂ ಪಾಲಕರೂ ಓರಗೆಯವರೂ ಸೇರಿ ಮೂರು ವರ್ಷ ‘ನೀನು ಕ ತುಕಡಿಯವನು’ ಎಂದು ದಿನವೂ ನೆನಪಿಸುತ್ತಿದ್ದರೆ ಆ ಮಗುವಿನ ಹುಮ್ಮಸ್ಸು ಏನಾದೀತು?

ತುಕಡಿ ಪದ್ಧತಿಯ ಪರವಾಗಿ ಹೇಳುವವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಎಲ್ಲ ಮಟ್ಟದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಪಾಠ ಯಾರಿಗೂ ಸರಿಹೊಂದುವುದಿಲ್ಲ, ಮುಂದಿದ್ದವರಿಗೆ ಬೇಸರ, ಹಿಂದಿದ್ದವರಿಗೆ ಗೊಂದಲ ಎಂಬುದು ಅವರ ವಾದ. ಇದರಲ್ಲಿ ತಥ್ಯವಿದೆ. ಆಫ್ರಿಕದ ಕೀನ್ಯಾ ದೇಶದ 121 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಟ್ಟಕ್ಕೆ ತಕ್ಕಂತೆ ಬೇರ್ಪಡಿಸಿದಾಗ ಹಿಂದಿನ ಗುಂಪಿನವರೂ ಹೆಚ್ಚು ಕಲಿತದ್ದು ಕಂಡುಬಂದಿತು. ಆದರೆ ಅಲ್ಲಿ ಯಾವ ಶಿಕ್ಷಕರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗಿತ್ತು. ಒಳ್ಳೆಯ ಶಿಕ್ಷಕರನ್ನೆಲ್ಲ ಮುಂದಿನವರಿಗೆ ಮೀಸಲಿಟ್ಟಿರಲಿಲ್ಲ. ಗುಂಪಿನ ಮಟ್ಟಕ್ಕೆ ಪಾಠವನ್ನು ಇಳಿಸಲು ಶಿಕ್ಷಕರಿಗೆ ಅವಕಾಶವಿತ್ತು. ನಮ್ಮಲ್ಲಿ ಹಾಗಾಗುವುದಿಲ್ಲ. ‘ಅ’ ತುಕಡಿಗೆ ಅನುಭವಿ ಶಿಕ್ಷಕರು, ವಿಶೇಷ ವರ್ಗಗಳು, ಎಸ್.ಎಸ್.ಎಲ್.ಸಿ.ಯ ತಯಾರಿ, ‘ಕ’ ತುಕಡಿಗೆ ಹೊಸಬರು, ಖಾಲಿ ಅವಧಿಗಳು, ಅದೇ ಪುಸ್ತಕದ ಅದೇ ಪಾಠ.

ಆದ್ದರಿಂದ ಗುಂಪು ಮಾಡುವುದೇ ತಪ್ಪೆಂದು ನಾನು ವಾದಿಸುವುದಿಲ್ಲ. ಯಾವುದಕ್ಕಾಗಿ ಮಾಡುತ್ತೇವೆ, ಎಷ್ಟು ಕಾಲ ಇಡುತ್ತೇವೆ ಎಂಬುದೇ ಪ್ರಶ್ನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ತಮ್ಮ ತಮ್ಮ ಕಲಿಕೆಯ ಮೆಟ್ಟಿಲಿಗೆ ಅನುಸಾರವಾಗಿ ಗುಂಪುಗೂಡುತ್ತಾರೆ; ಮೆಟ್ಟಿಲು ಏರಿದೊಡನೆ ಗುಂಪು ಬದಲಾಗುತ್ತದೆ. ಬಿನೆಯವರ ಮೂಲ ಉದ್ದೇಶಕ್ಕೆ ಇದು ಹತ್ತಿರವಾದುದು. ಮಟ್ಟವನ್ನು ತಿಳಿದದ್ದು ಏರಿಸುವುದಕ್ಕಾಗಿ, ಅಲ್ಲಿಯೇ ಕೂರಿಸುವುದಕ್ಕಾಗಿ ಅಲ್ಲ.

ಈ ವಿಚಾರಗಳನ್ನು ಕಾರ್ಯರೂಪಕ್ಕೆ ತರಲು ಕೆಲವು ಸೂಚನೆಗಳನ್ನು ಶಿಕ್ಷಕ ಬಂಧುಗಳ ಮುಂದಿಡಬಯಸುತ್ತೇನೆ. ಎಂಟನೆಯ ವರ್ಗದ ಎಲ್ಲ ತುಕಡಿಗಳಲ್ಲಿಯೂ ಎಲ್ಲ ಮಟ್ಟದ ಮಕ್ಕಳು ಕೂಡಿಯೇ ಇರಲಿ. ವರ್ಷದ ಮೊದಲ ತಿಂಗಳಲ್ಲಿ ಪ್ರತಿಯೊಂದು ಮಗುವಿನ ಓದು, ಬರಹ, ಲೆಕ್ಕಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಲಿ. ಒಟ್ಟು ಅಂಕ ಒಂದನ್ನೇ ನೋಡುವುದು ಬೇಡ. ಲೆಕ್ಕದಲ್ಲಿ ಹಿಂದಿದ್ದ ಮಗು ಕನ್ನಡದಲ್ಲಿ ಮುಂದಿರಬಹುದು. ದಿನಕ್ಕೆ ಒಂದು ಅವಧಿಯನ್ನು ಮಾತ್ರ ವಿಷಯವಾರು ಗುಂಪುಗಳಿಗೆ ಮೀಸಲಿಟ್ಟು, ತೀರ ಹಿಂದಿದ್ದ ಗುಂಪಿಗೆ ಶಾಲೆಯ ಅತ್ಯಂತ ಅನುಭವಿ ಶಿಕ್ಷಕರನ್ನು ಕೊಡಲಿ. ಆರು ವಾರಗಳಿಗೊಮ್ಮೆ ಗುಂಪುಗಳನ್ನು ಮರುಪರಿಶೀಲಿಸಲಿ. ಸುಗ್ಗಿಯ ಬಳಿಕ ಹದಿನೈದು ದಿನ ಹಿಂದಿನ ಪಾಠಗಳ ಪುನರಾವರ್ತನೆ ನಡೆಯಲಿ. ಹಲಗೆಯ ಅಕ್ಷರ ಕಾಣದ, ಹಿಂದಿನ ಸಾಲಿಗೆ ಮಾತು ಕೇಳಿಸದ ಮಕ್ಕಳನ್ನು ಪತ್ತೆಹಚ್ಚಲು ವರ್ಷಕ್ಕೊಮ್ಮೆ ಕಣ್ಣು, ಕಿವಿಗಳ ತಪಾಸಣೆಯಾಗಲಿ. ಅಕ್ಷರ ಕೂಡಿಸುವುದರಲ್ಲಿಯೇ ವಿಶೇಷ ತೊಡಕುಳ್ಳ ಮಕ್ಕಳೂ ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮಾನ್ಯಮಾಡಿದೆ. ಅಂಥವರನ್ನು ಮನೆಗೆ ಕಳಿಸುವ ಬದಲು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಂಥ ಕಡೆಗೆ ತಜ್ಞರಲ್ಲಿ ಕಳಿಸಬೇಕು. ಆ ನಿರ್ಣಯ ತಜ್ಞರದು; ಶಿಕ್ಷಕರ ಕೋಣೆಯ ಹರಟೆಯಲ್ಲಿ ಆಗತಕ್ಕದ್ದಲ್ಲ.

ಹೀಗೆ ಮಾಡಿದರೆ ಶಾಲೆಯ ಪ್ರಥಮ ದರ್ಜೆಯ ಸಂಖ್ಯೆ ಒಂದೆರಡು ವರ್ಷ ಕುಗ್ಗೀತೆಂಬ ಅಳುಕು ಸಹಜ. ಕುಗ್ಗಿದರೂ ಕುಗ್ಗಲಿ. ಹತ್ತು ಮಂದಿಯ ಪ್ರಥಮ ದರ್ಜೆಗಾಗಿ ನಲವತ್ತು ಮಂದಿಯ ಆತ್ಮವಿಶ್ವಾಸವನ್ನು ತೆರುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ದಾನಿ ಮಹಾಶಯರಲ್ಲಿ ಒಂದು ವಿನಂತಿ. ಅವರು ಕಟ್ಟಿಸಿದ ಕೋಣೆಗಳ ನೆರಳಿನಲ್ಲಿಯೇ ಗ್ರಾಮಾಂತರದ ಮಕ್ಕಳು ಅಕ್ಷರ ಕಲಿತಿದ್ದಾರೆ; ಆ ಉಪಕಾರ ಮರೆಯುವಂಥದಲ್ಲ. ಇನ್ನು ಮುಂದೆ ಕಲ್ಲಿನ ಮೇಲೆ ಹೆಸರು ಕೆತ್ತಿಸಲಾಗದ ದಾನಗಳತ್ತಲೂ ಅವರು ಮನಸ್ಸು ಮಾಡಬೇಕು. ಮನಃಶಾಸ್ತ್ರದಲ್ಲಿ ಪದವಿ ಪಡೆದ ಒಬ್ಬ ಸಲಹಾಗಾರರ ವೇತನ, ಶಿಕ್ಷಕರಿಗೆ ಬೇಸಿಗೆಯ ತರಬೇತಿ, ಹಿಂದುಳಿದ ಮಕ್ಕಳಿಗೆ ಸಂಜೆಯ ಪಾಠ, ನಾಲ್ಕಾರು ಕನ್ನಡಕಗಳು, ಇವು ಅಂಥ ದಾನಗಳು. ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ವಾರ್ಷಿಕೋತ್ಸವದ ವೇದಿಕೆಗೆ ಮೊದಲ ಸ್ಥಾನ ಪಡೆದವರನ್ನಷ್ಟೇ ಕರೆಯುವುದು ನಮ್ಮ ರೂಢಿ. ಶಾಲೆಯಲ್ಲಿ ಹಿಂದೆ ಉಳಿದು ಬದುಕಿನಲ್ಲಿ ಮುಂದೆ ಬಂದ ರೈತರು, ಕುಶಲಕರ್ಮಿಗಳು, ವ್ಯಾಪಾರಸ್ಥರು ನಿಮ್ಮ ಓರಗೆಯಲ್ಲಿಯೇ ಇದ್ದಾರೆ. ಅವರನ್ನೂ ಕರೆತನ್ನಿ. ಕೊನೆಯ ಬೆಂಚಿನ ಮಗುವಿಗೆ ಅವರ ಮುಖದರ್ಶನ ನೂರು ಭಾಷಣಗಳಿಗಿಂತ ಮೇಲು.

ಮಠಗಳ ಆಶ್ರಯದಲ್ಲಿ ನಡೆದು ಬಂದ ಉಚಿತ ಪ್ರಸಾದನಿಲಯಗಳು ಈ ನಾಡಿನ ವಿದ್ಯಾಪ್ರಸಾರಕ್ಕೆ ಬೆನ್ನೆಲುಬಾಗಿವೆ. ಅಲ್ಲಿ ಊಟಕ್ಕೆ ಕುಳಿತ ಮಕ್ಕಳಲ್ಲಿ ಪಂಕ್ತಿಭೇದ ಮಾಡುವುದನ್ನು ಯಾರೂ ಸಹಿಸುವುದಿಲ್ಲ. ಹೆಚ್ಚು ಹಸಿದವನಿಗೆ ಹೆಚ್ಚು ಬಡಿಸುತ್ತಾರೆಯೇ ಹೊರತು ಹೊಟ್ಟೆ ತುಂಬಿದವನಿಗೆ ಮೊದಲು ಬಡಿಸುವುದಿಲ್ಲ. ಅನ್ನದ ಪಂಕ್ತಿಯಲ್ಲಿ ನಾವು ಒಪ್ಪದ ಭೇದವನ್ನು ಅಕ್ಷರದ ಪಂಕ್ತಿಯಲ್ಲಿ ಒಪ್ಪಿಕೊಂಡು ಕುಳಿತಿರುವುದು ಆಶ್ಚರ್ಯ. ಮನಃಶಾಸ್ತ್ರದ ಮೊದಲ ಪಾಠಗಳು ನಮಗೆ ಕಲಿಸುವುದು ಇಷ್ಟೇ: ಕಲಿಯದ ಮಗು ಹಸಿದ ಮಗು. ಅದಕ್ಕೆ ಬೇಕಾದದ್ದು ಹೆಸರಲ್ಲ, ಇನ್ನೊಂದು ತುತ್ತು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಎಂಟನೆಯ ವರ್ಗದ ಪಟ್ಟಿಯನ್ನು ಬರೆಯಲು ಕುಳಿತ ಗುರುಗಳು ಈ ಮಾತನ್ನು ವಿಚಾರಿಸಿ ಲೇಖನಿಯನ್ನು ಎತ್ತಬೇಕೆಂದು ಪ್ರಾರ್ಥಿಸುತ್ತೇನೆ.